ಹಬ್ಬದ ವಿಶೇಷ ಪುಟಗಳು ಮತ್ತು ಪೆದ್ದಮ್ಮನ ಪೆನ್ಸಿಲ್ಲು

ಹೋದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸಬೇಕಾಯಿತು. ಒಳಗೆ ಹಳೆಯ ಬೆಳ್ಳಿಯೋ ಜರಿ ಸೀರೆಯೋ ಇರಬಹುದೆಂದು ನನ್ನ ಸೊಸೆ ಆಸೆಯಿಂದ ಮುಚ್ಚಳ ತೆಗೆದಳು. ಇದ್ದದ್ದು ಬರೀ ಕಾಗದ. 1988ರಿಂದ ಹದಿನೈದು ವರ್ಷ ನಾನು ವಾರಪತ್ರಿಕೆ, ಮಾಸಪತ್ರಿಕೆ, ಯುಗಾದಿ ದೀಪಾವಳಿಯ ವಿಶೇಷಾಂಕಗಳಿಂದ ಕತ್ತರಿಸಿ ಇಟ್ಟುಕೊಂಡ ಪುಟಗಳು. ಹಬ್ಬಕ್ಕೊಂದು ಹೊಸ ಸಿಹಿ, ಅತಿಥಿಗಳಿಗೆ ಬಣ್ಣಬಣ್ಣದ ಪಾನೀಯ, ನಡುಮನೆಯ ಅಂದಕ್ಕೆ ಹೂವಿನ ಜೋಡಣೆ. ಈ ಮೂರೂ ಅಕ್ಕತಂಗಿಯರಂತೆ ಯಾವಾಗಲೂ ಒಟ್ಟಿಗೇ ಬರುತ್ತಿದ್ದವು.

ಕಾದಂಬರಿಗೆ ವಿಮರ್ಶೆ ಬರೆಯುತ್ತಾರೆ, ನಾಟಕಕ್ಕೆ ಬರೆಯುತ್ತಾರೆ, ಸಿನಿಮಾಕ್ಕಂತೂ ಬಿಡುಗಡೆಯಾದ ಮಾರನೆಯ ದಿನವೇ ಬರೆಯುತ್ತಾರೆ. ನಮ್ಮಂಥ ಊರುಗಳ ಹೆಂಗಸರು ಎಣ್ಣೆಗೈಯಲ್ಲೇ ತಿರುವಿ ಹಾಕಿ, ಪಕ್ಕದ ಮನೆಯವರಿಗೆ ಎರವಲು ಕೊಟ್ಟು, ವಾಪಸು ಬಾರದಿದ್ದರೆ ಜಗಳಕ್ಕೂ ಹೋಗುತ್ತಿದ್ದ ಈ ಪುಟಗಳಿಗೆ ಯಾರೂ ವಿಮರ್ಶೆ ಬರೆದದ್ದನ್ನು ನಾನಂತೂ ಕಂಡಿಲ್ಲ. ಅಡುಗೆಯ ಪುಟಕ್ಕೆ ವಿಮರ್ಶೆಯೇ ಎಂದು ನೀವು ನಗಬಹುದು. ಆದರೆ ಒಂದು ಕಾದಂಬರಿ ಕೆಟ್ಟದಾಗಿದ್ದರೆ ಎರಡು ಗಂಟೆ ಹಾಳು, ಅಷ್ಟೆ. ಒಂದು ಪುಡ್ಡಿಂಗು ಕೆಟ್ಟರೆ ಒಂದು ಲೀಟರು ಹಾಲು, ಕಾಲು ಕೆ.ಜಿ. ಸಕ್ಕರೆ, ಮನೆ ತುಂಬ ಬಂದ ನೆಂಟರ ಮುಂದೆ ಮಾನ, ಮೂರೂ ಹೋಗುತ್ತವೆ. ಪರೀಕ್ಷೆ ಎಲ್ಲಿ ಕಠಿಣ ಎಂದು ನೀವೇ ಹೇಳಿ.

ಇನ್ನೊಂದು ಕಾರಣವೂ ಇದೆ. ಈ ಪುಟಗಳಿಗೆ ಆಗಲೇ ಒಬ್ಬರು ವಿಮರ್ಶಕರಿದ್ದರು. ಪುಟಗಳ ಅಂಚಿನಲ್ಲಿ ಅಲ್ಲಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಪೆನ್ಸಿಲ್ಲಿನ ಬರಹವಿದೆ. ಅದು ನಮ್ಮ ಪೆದ್ದಮ್ಮನದು.

ಪೆದ್ದಮ್ಮ ನನ್ನ ತಾಯಿಯ ಅಕ್ಕ. ನಮ್ಮ ಮನೆಮಾತು ಕನ್ನಡವೇ. ಆದರೆ ಚಿಂತಾಮಣಿಯ ಕಡೆ ಕೇರಿಯಲ್ಲಿ ತೆಲುಗು ಕೇಳಿಕೊಂಡೇ ಬೆಳೆಯುವುದರಿಂದ ದೊಡ್ಡಮ್ಮ ಎನ್ನುವ ಬದಲು ಪೆದ್ದಮ್ಮ ಎಂದೇ ನಾಲಿಗೆಗೆ ರೂಢಿ. ಓದಿದ್ದು ನಾಲ್ಕನೇ ಕ್ಲಾಸು. 26ನೇ ವಯಸ್ಸಿಗೆ ಗಂಡ ತೀರಿಕೊಂಡರು, ಮಕ್ಕಳಿರಲಿಲ್ಲ. ನಾನು ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದು ಬೇರೆ ಮನೆ ಮಾಡಿದ ಮೇಲೆ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಎಂದು ಬಂದವರು 2003ರಲ್ಲಿ ಕಣ್ಣು ಮುಚ್ಚುವ ತನಕ ನಮ್ಮ ಜೊತೆಯಲ್ಲೇ ಇದ್ದರು. ಹಾಲಿನ ಲೆಕ್ಕ ಬರೆಯುವ ಗಿಡ್ಡ ಪೆನ್ಸಿಲ್ಲೊಂದು ಸದಾ ಅವರ ಸೊಂಟದಲ್ಲಿ ಇರುತ್ತಿತ್ತು.

ಮೊದಲು ಸಿಹಿಯ ವಿಷಯ ಹೇಳುತ್ತೇನೆ. ಒಂದು ಪುಟದಲ್ಲಿ ಅನಾನಸ್ ಪುಡ್ಡಿಂಗಿನ ಚಿತ್ರವಿದೆ. ಗಾಜಿನ ಬಟ್ಟಲಲ್ಲಿ ಹಳದಿಯಾಗಿ ಅಲುಗಾಡದೆ ನಿಂತಿದೆ. ಜೆಲಾಟಿನ್ ಎರಡು ಚಮಚ, ಅನಾನಸ್ ಹೋಳು ಎರಡು ಕಪ್ಪು, ಕೆನೆ ಒಂದು ಕಪ್ಪು, ಫ್ರಿಜ್ಜಿನಲ್ಲಿ ನಾಲ್ಕು ಗಂಟೆ. 1991ರ ಗೌರಿ ಹಬ್ಬಕ್ಕೆ ನಾನು ಬೆಂಗಳೂರಿನಿಂದ ಜೆಲಾಟಿನ್ ತರಿಸಿ ಮಾಡಿದೆ. ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡಬೇಕೆಂದು ಫ್ರಿಜ್ಜಿನ ಬಾಗಿಲು ತೆಗೆದರೆ ಅದು ಸಾರಿನಂತೆ ತುಳುಕುತ್ತಿತ್ತು. ನಾಲ್ಕು ಗಂಟೆಯಲ್ಲಿ ಎರಡು ಗಂಟೆ ಕರೆಂಟು ಇರಲಿಲ್ಲ, ಅದಕ್ಕೇ ಹೀಗಾಯಿತು ಎಂದುಕೊಂಡು ಲೋಟಕ್ಕೆ ಹಾಕಿ ಕುಡಿಯಲು ಕೊಟ್ಟೆ. ಪುಟದ ಅಂಚಿನಲ್ಲಿ ಪೆದ್ದಮ್ಮ ಬರೆದದ್ದು ಒಂದೇ ಮಾತು: ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಎನ್ನುವುದು ತಿಳಿದದ್ದು ಬಹಳ ದಿನಗಳ ಮೇಲೆ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ. ಜೆಲಾಟಿನ್ ಎನ್ನುವುದು ಪ್ರೋಟೀನು. ಈ ಕಿಣ್ವ ಪ್ರೋಟೀನನ್ನು ತುಂಡು ತುಂಡು ಮಾಡಿಬಿಡುತ್ತದೆ, ಹಾಗಾಗಿ ನಾಲ್ಕು ಗಂಟೆಯಲ್ಲ, ನಾಲ್ಕು ದಿನ ಇಟ್ಟರೂ ಗಟ್ಟಿಯಾಗುವುದಿಲ್ಲ. ಹಣ್ಣನ್ನು ಚೆನ್ನಾಗಿ ಕುದಿಸಿ ಹಾಕಿದರೆ ತೊಂದರೆಯಿಲ್ಲ. ಡಬ್ಬಿಯ ಅನಾನಸ್ ಆದರೂ ಸರಿ, ಅದನ್ನು ತುಂಬುವಾಗಲೇ ಬಿಸಿ ಮಾಡಿರುತ್ತಾರೆ. ಆ ಪುಟ ಬರೆದವರು ಡಬ್ಬಿಯ ಹಣ್ಣಿನಲ್ಲೇ ಮಾಡಿರಬೇಕು. ಹಸಿ ಹಣ್ಣು ಬಳಸುವವಳು ಚಿಕ್ಕಬಳ್ಳಾಪುರದಲ್ಲಿ ಒಬ್ಬಳಿದ್ದಾಳೆ ಎನ್ನುವುದು ಅವರ ಮನಸ್ಸಿಗೆ ಬಂದಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಜೆಲಾಟಿನ್ ಮಾಡುವುದು ಪ್ರಾಣಿಗಳ ಮೂಳೆ ಚರ್ಮಗಳಿಂದ ಎಂದು ನಮ್ಮ ಬೀದಿಯ ಕಾಲೇಜು ಮೇಷ್ಟರ ಹೆಂಡತಿ ಹೇಳಿದಾಗ ನನಗೆ ನಿಂತ ನೆಲ ಕುಸಿದಂತಾಯಿತು. ಗೌರಿ ಹಬ್ಬದ ದಿನ, ಈರುಳ್ಳಿ ಕೂಡ ಮುಟ್ಟದ ಹಿರಿಯರಿಗೆ ನಾನು ಅದನ್ನು ಲೋಟದಲ್ಲಿ ಕೊಟ್ಟಿದ್ದೆ. ಪೆದ್ದಮ್ಮನೂ ಕುಡಿದಿದ್ದರು. ಅಳುತ್ತಾ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿದ್ದು ಕೊಟ್ಟಿದ್ದರೆ ಪಾಪ ಕಣೇ. ಗೊತ್ತಿಲ್ಲದೆ ಕೊಟ್ಟಿದ್ದಕ್ಕೆ ಬರೆದೋರನ್ನ ಕೇಳಬೇಕು," ಎಂದರು. ತಿನ್ನುವವರು ತಿನ್ನಲಿ, ಬಿಡುವವರು ಬಿಡಲಿ, ಅದು ಅವರವರ ಮನೆಯ ವಿಚಾರ. ಏನು ತಿನ್ನುತ್ತಿದ್ದೇವೆ ಎಂದು ಹೇಳಬೇಕಾದ್ದು ಬರೆಯುವವರ ಧರ್ಮ. ಆ ಪುಟ ಅದನ್ನು ಹೇಳಿರಲಿಲ್ಲ.

ಹೇಳುವುದಕ್ಕೆ ಒಂದು ಸಾಲು ಸಾಕಿತ್ತು. ಜೆಲಾಟಿನ್ ಬದಲು ಚೈನಾ ಗ್ರಾಸ್ ಬಳಸಬಹುದು. ಅದು ಸಮುದ್ರದ ಪಾಚಿಯಿಂದ ಮಾಡಿದ್ದು. ಒಂದು ಲೀಟರು ಹಾಲಿಗೆ ಹತ್ತು ಗ್ರಾಮಿನ ಪೊಟ್ಟಣ ಸಾಕು. ಚೂರು ಮಾಡಿ ನೀರಿನಲ್ಲಿ ನೆನೆಸಿ, ಒಂದು ಎಳೆಯೂ ಉಳಿಯದಂತೆ ಕುದಿಸಿ ಕರಗಿಸಿ, ಬಿಸಿ ಹಾಲಿಗೆ ಸೋಸಿಕೊಂಡರೆ ಆಯಿತು. ಎಲ್ಲಕ್ಕಿಂತ ಮುಖ್ಯವಾದ ಗುಣವೆಂದರೆ ಅದು ಹೊರಗಿಟ್ಟರೂ ಗಟ್ಟಿಯಾಗುತ್ತದೆ, ಫ್ರಿಜ್ಜು ಬೇಕಿಲ್ಲ. ಕರೆಂಟು ಯಾವಾಗ ಹೋಗುತ್ತದೋ ಎಂದು ದೀಪ ನೋಡುತ್ತಾ ಬದುಕುತ್ತಿದ್ದ ನಮಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿತ್ತು!

ಹಾಗೆಂದು ಈ ಪುಟಗಳ ಸಿಹಿಯನ್ನೆಲ್ಲ ತೆಗೆದುಹಾಕುವ ಜಾತಿಯವಳಲ್ಲ ನಾನು. ಹೊಸದನ್ನು ಕಂಡರೆ ಮೂಗು ಮುರಿದು, ನಮ್ಮ ಅಜ್ಜಿಯ ಕಾಲದ ಒಬ್ಬಟ್ಟು ನೋಡಿ ಎಂದು ಲೇಖನ ಬರೆಯುವುದು ಸುಲಭ. ಅಂಥ ಲೇಖನಗಳನ್ನು ಹೆಚ್ಚಾಗಿ ಬರೆದವರು ಒಬ್ಬಟ್ಟು ತಟ್ಟಿದವರಲ್ಲ ಎಂಬುದನ್ನೂ ಗಮನಿಸಿ. ಆ ಕಾಲದ ಹಬ್ಬದಡುಗೆಗೆ ಒಬ್ಬರು ಬೇಳೆ ಬೇಯಿಸಲು, ಒಬ್ಬರು ಹೂರಣ ರುಬ್ಬಲು, ಒಬ್ಬರು ತಟ್ಟಲು, ಒಬ್ಬರು ಬೇಯಿಸಲು ಎಂದು ನಾಲ್ಕು ಜನ ಹೆಂಗಸರಿದ್ದರು. ಗಂಡನ ವರ್ಗಾವಣೆಯಾಗಿ ಗೊತ್ತಿಲ್ಲದ ಊರಿಗೆ ಬಂದ, ಅತ್ತೆಯೂ ಇಲ್ಲದ ನಾದಿನಿಯೂ ಇಲ್ಲದ ಹುಡುಗಿಗೆ ಕಸ್ಟರ್ಡ್ ಪುಡಿಯ ಡಬ್ಬಿ ನಾಲ್ಕು ಜನರ ಕೆಲಸ ಮಾಡಿಕೊಟ್ಟಿತು. ಆ ಪುಡಿಯ ಕಥೆಯೂ ಚೆನ್ನಾಗಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬಾತ ತನ್ನ ಹೆಂಡತಿಗೆ ಮೊಟ್ಟೆ ಒಗ್ಗುವುದಿಲ್ಲವೆಂದು 1837ರಲ್ಲಿ ಮೊಟ್ಟೆಯಿಲ್ಲದೆ, ಜೋಳದ ಹಿಟ್ಟಿನಿಂದ ಮಾಡಿದ್ದಂತೆ. ಹೆಂಡತಿಯ ಹೊಟ್ಟೆಯನ್ನು ನೆನೆದು ಮಾಡಿದ ಪದಾರ್ಥ ನಮ್ಮ ಹಬ್ಬಗಳಿಗೂ ಒಗ್ಗಿತು. ಬಾಳೆಹಣ್ಣು, ಸಪೋಟ, ದಾಳಿಂಬೆ ಬಿಡಿಸಿ ಹಾಕಿದ ಕಸ್ಟರ್ಡಿನ ಪಕ್ಕದಲ್ಲಿ ಪೆದ್ದಮ್ಮ ಬರೆದಿರುವುದು: ಇಪ್ಪತ್ತು ಜನಕ್ಕೆ ಆಯ್ತು. ಮಕ್ಕಳು ಮತ್ತೆ ಕೇಳಿದವು. ಇದಕ್ಕಿಂತ ಒಳ್ಳೆಯ ಪ್ರಶಸ್ತಿ ಯಾವ ಪಾಕಶಾಸ್ತ್ರಿಗೂ ಬೇಡ.

ನನ್ನ ತಕರಾರು ಬೇರೆ. ಈ ಪುಟಗಳು ಕಪ್ಪು ಚಮಚಗಳ ಅಳತೆ ಕೊಡುತ್ತವೆ. ಹೆಂಗಸಿನ ಹೊತ್ತಿನ ಅಳತೆ ಕೊಡುವುದಿಲ್ಲ. ಮಾಡುವ ಸಮಯ 40 ನಿಮಿಷ ಎಂದು ಬರೆದಿರುತ್ತದೆ. ಯಾರ 40 ನಿಮಿಷ?

ನನ್ನ ತಂಗಿಯನ್ನು ಕೊಟ್ಟಿರುವುದು ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ. ಅಲ್ಲಿ ರೇಷ್ಮೆಯೇ ಜೀವನ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರು ಕೇಳದವರಿಲ್ಲ. ಗೂಡಾಗುವ ಮುಂಚೆ ಹುಳ ಏನು ಕೇಳುತ್ತದೆ ಎನ್ನುವುದು ಹುಳ ಸಾಕಿದ ಮನೆಯ ಹೆಂಗಸಿಗೇ ಗೊತ್ತು. ಹುಳ ಪೊರೆ ಬಿಡುವುದಕ್ಕೆ ಅವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅದರ ಹಸಿವಿಗೆ ಮಿತಿಯಿಲ್ಲ. ನಡುರಾತ್ರಿಯಲ್ಲೂ ಎದ್ದು ಸೊಪ್ಪು ಹಾಕಬೇಕು. ಹಣ್ಣಾದ ಹುಳಗಳನ್ನು ಹೊತ್ತು ಮೀರದಂತೆ ಆರಿಸಿ ಚಂದ್ರಿಕೆಗೆ ಬಿಡಬೇಕು. ಒಂದು ದೀಪಾವಳಿಗೆ ನಾನು ದೊಡ್ಡಸ್ತಿಕೆಯಿಂದ ಮೂರು ಪದರದ ಒಂದು ಸಿಹಿಯ ಪುಟವನ್ನು ಅವಳಿಗೆ ಕಳಿಸಿದೆ. ಒಂದೊಂದು ಪದರವೂ ಆರಿದ ಮೇಲೆ ಇನ್ನೊಂದನ್ನು ಸುರಿಯಬೇಕಾದದ್ದು ಅದು. ಫೋನಿನಲ್ಲಿ ಅವಳು ನಕ್ಕಳು. "ಅಕ್ಕಾ, ಹುಳ ನಾಲ್ಕನೇ ಜ್ವರ ಎದ್ದವೆ. ಅವಕ್ಕೆ ಹಬ್ಬ ಅಂತ ಯಾರು ಹೇಳ್ತಾರೆ?"

ಅವಳು ಆ ದೀಪಾವಳಿಗೆ ಮಾಡಿದ್ದು ಕಜ್ಜಾಯ. ಕಜ್ಜಾಯ ಏನು ಕಡಿಮೆ ಕೆಲಸವೇ, ಅಕ್ಕಿ ನೆನೆಸಿ ಆರಿಸಿ ಕುಟ್ಟಿ ಪಾಕ ಹಿಡಿಯಬೇಕಲ್ಲ ಎಂದು ನೀವು ಕೇಳಬಹುದು. ಕೆಲಸವೇನೋ ಹೆಚ್ಚು. ಆದರೆ ಬೆಲ್ಲದ ಪಾಕಕ್ಕೆ ಹಿಟ್ಟು ಕಲಸಿ ಇಟ್ಟರೆ ಅದು ಒಂದು ದಿನ, ಎರಡು ದಿನ ಸುಮ್ಮನೆ ಕಾಯುತ್ತದೆ. ಕಾದಷ್ಟೂ ಹದವಾಗುತ್ತದೆ. ಒಬ್ಬಟ್ಟಿನ ಹೂರಣವನ್ನು ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಬಹುದು. ಎಳ್ಳು ಬೀರುವ ಹಬ್ಬದ ಕೊಬ್ಬರಿ, ಬೆಲ್ಲವನ್ನು ಹದಿನೈದು ದಿನ ಮುಂಚಿನಿಂದ ಬಿಡುವಾದಾಗಲೆಲ್ಲ ಒಂದೊಂದು ಬೊಗಸೆ ಹೆಚ್ಚಿ ಬಿಸಿಲಿಗಿಡಬಹುದು. ಹಳೆಯ ಸಿಹಿಗಳಿಗೆ ನಡುವೆ ಎದ್ದು ಹೋಗುವವಳ ಪರಿಚಯವಿದೆ. ಪತ್ರಿಕೆಯ ಸಿಹಿಗೆ ಆ ಪರಿಚಯವಿಲ್ಲ, ಅದು ಪಕ್ಕದಲ್ಲೇ ನಿಲ್ಲು ಎನ್ನುತ್ತದೆ.

ಈಗ ಪಾನೀಯಗಳಿಗೆ ಬರುತ್ತೇನೆ. ಮೂರರಲ್ಲಿ ಅತ್ಯಂತ ಬಡವಾದ ಭಾಗ ಇದು. ಒಂದು ಹೊಸ ವರ್ಷದ ಸಂಚಿಕೆಯ ಪುಟದಲ್ಲಿ ಕಾಕ್‌ಟೇಲ್‌ಗಳಿವೆ. ಲೋಟದ ಬಾಯಿಗೆ ಸಕ್ಕರೆ ಹಚ್ಚುವುದು ಹೇಗೆ, ನಿಂಬೆ ಬಿಲ್ಲೆ ಸಿಕ್ಕಿಸುವುದು ಹೇಗೆ ಎಂದೆಲ್ಲ ಹೇಳಿ, ಜಿನ್ ಬೇಡದವರು ಸೋಡ ಹಾಕಿಕೊಳ್ಳಿ ಎಂದು ಕೊನೆಯಲ್ಲಿ ಒಂದು ಮಾತು. ಗೌರಿಬಿದನೂರಿನಲ್ಲಿ ಮೇಡಂ ಆಗಿದ್ದ ನನ್ನ ಗೆಳತಿಯ ಮನೆಯಲ್ಲಿ ನಾವಿಬ್ಬರೂ ಈ ಪುಟ ನೋಡಿ ನಗಾಡುತ್ತಿದ್ದಾಗ ಪಾತ್ರೆ ತೊಳೆಯಲು ಬರುತ್ತಿದ್ದಾಕೆ ಬಗ್ಗಿ ನೋಡಿ, "ಇದೂ ಸಾರಾಯೀನೇ ಅಲ್ವಾ ಅಕ್ಕಾ? ಬಣ್ಣ ಹಾಕವ್ರೆ ಅಷ್ಟೇಯ," ಎಂದಳು. ಅವಳ ಗಂಡನ ಕೂಲಿಯೆಲ್ಲ ಸಾರಾಯಿ ಪ್ಯಾಕೆಟ್ಟಿಗೆ ಹೋಗುತ್ತಿದ್ದ ಕಾಲ ಅದು. ನಮ್ಮ ನಗು ಅಲ್ಲಿಗೆ ನಿಂತಿತು.

ಗೌರಿಬಿದನೂರಿನಿಂದ ಆಂಧ್ರದ ಹಿಂದೂಪುರ ಕೂಗಳತೆ ದೂರ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಯ ಮುಂದೆ ನಿಂತ ಸುದ್ದಿ ಗಡಿ ದಾಟಿ ನಮ್ಮ ಕಡೆಗೂ ಬಂದಿತ್ತು. 1993ರಲ್ಲಿ ಅಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ತಿ ಪಾನನಿಷೇಧ ಬಂತು, ಎರಡು ವರ್ಷದಲ್ಲಿ ಅದು ಸಡಿಲವೂ ಆಯಿತು. ನಮ್ಮಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಕುಡಿಯುವವರ ಮನೆಯ ಸಂಕಟವನ್ನೆಲ್ಲ ಪಾನೀಯದ ಪುಟವೊಂದು ಹೇಳಬೇಕೆಂದು ನಾನು ಕೇಳುವುದಿಲ್ಲ. ಆದರೆ ಯಾವ ಊರಿನ, ಯಾವ ಮನೆಯ ಹೆಂಗಸಿಗೆ ಬರೆಯುತ್ತಿದ್ದೇವೆ ಎನ್ನುವ ಅಂದಾಜಾದರೂ ಬೇಡವೇ? ಪಾತ್ರೆ ತೊಳೆಯುವಾಕೆಯ ಒಂದು ಮಾತಿಗೆ ಆ ಪುಟದಲ್ಲಿ ಉತ್ತರವಿರಲಿಲ್ಲ.

ಬೇಸರವೆಂದರೆ ನಮ್ಮಲ್ಲಿ ಪಾನೀಯಕ್ಕೆ ಬಡತನವೇ ಇಲ್ಲ. ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೇ ಶತಮಾನದ ಆದಿಯಲ್ಲಿ ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ'ದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವಿದೆ. (ಅಡುಗೆಯನ್ನು ಪದ್ಯದಲ್ಲಿ ಬರೆದವನು ಒಲೆ ಎಷ್ಟು ಊದಿದ್ದನೋ ಕಾಣೆ, ಆದರೂ ಪಾನಕಕ್ಕೆ ಮರ್ಯಾದೆ ಕೊಟ್ಟಿದ್ದಾನೆ.) ನಮ್ಮ ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ ಕಪ್ಪು ದ್ರಾಕ್ಷಿ, ಅದೇ ಬೆಂಗಳೂರು ಬ್ಲೂ, 2013ರಲ್ಲಿ ಭೌಗೋಳಿಕ ಗುರುತನ್ನೇ ಪಡೆದುಕೊಂಡಿತು. ಸಿಪ್ಪೆ ದಪ್ಪ, ಹುಳಿ ಮುಂದು, ತಿನ್ನುವುದಕ್ಕಿಂತ ರಸಕ್ಕೇ ಸರಿ. ಒಂದು ಕೆ.ಜಿ. ದ್ರಾಕ್ಷಿಯನ್ನು ಚೆನ್ನಾಗಿ ತೊಳೆದು, ಒಂದು ಲೋಟ ನೀರಿನೊಡನೆ ಸಣ್ಣ ಉರಿಯಲ್ಲಿಟ್ಟರೆ ಕಾಲು ಗಂಟೆಯಲ್ಲಿ ಸಿಪ್ಪೆ ಬಣ್ಣ ಬಿಡುತ್ತದೆ. ಮಿಕ್ಸಿಗೆ ಹಾಕಬಾರದು, ಬೀಜ ಒಡೆದರೆ ಕಹಿ. ಸೌಟಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ, ನಿಂಬೆರಸ, ಚಿಟಿಕೆ ಉಪ್ಪು, ಮೆಣಸಿನ ಪುಡಿ ಬೆರೆಸಿ ತಣ್ಣೀರು ಸೇರಿಸಿದರೆ ಯಾವ ಕಾಕ್‌ಟೇಲಿನ ಬಣ್ಣವೂ ಅದರ ಮುಂದೆ ನಿಲ್ಲದು. ನನ್ನ ಪೆಟ್ಟಿಗೆಯ ಹದಿನೈದು ವರ್ಷದ ಪುಟಗಳಲ್ಲಿ ಈ ದ್ರಾಕ್ಷಿಯ ಹೆಸರು ಒಂದು ಕಡೆಯೂ ಇಲ್ಲ. ಪೆದ್ದಮ್ಮ ಪಾನೀಯದ ಪುಟಗಳಲ್ಲಿ ಪೆನ್ಸಿಲ್ಲೇ ಆಡಿಸಿಲ್ಲ.

ಆದರೆ ಶ್ರೀರಾಮನವಮಿಯ ಪಾನಕ ಅವರದೇ. ಬೆಲ್ಲ ಕರಗಿಸಿ, ಕರ್ಬೂಜ ತುರಿದು, ಏಲಕ್ಕಿ ಮೆಣಸು ಕುಟ್ಟಿ ಹಾಕಿ ದೊಡ್ಡ ಕೊಳಗದಲ್ಲಿ ಮಾಡುತ್ತಿದ್ದರು. ಪಾನಕಕ್ಕೆ ಕರೆಯೋಲೆ ಇಲ್ಲ ನೋಡಿ. ಬೀದಿಯಲ್ಲಿ ಹೋಗುವ ಗಾರೆ ಕೆಲಸದವನು, ಸ್ಕೂಲು ಹುಡುಗರು, ತರಕಾರಿ ಗಾಡಿಯವನು, ಯಾರು ಬಂದರೂ ಲೋಟ ಮುಂದೆ ಚಾಚಬಹುದು. ವರ್ಷದಲ್ಲಿ ಆ ಒಂದು ಹಬ್ಬದ ದಿನ ಮಾತ್ರ ಪೆದ್ದಮ್ಮ ನಮ್ಮ ಮನೆಯ ಮುಂಬಾಗಿಲಲ್ಲಿ ನಿಲ್ಲುತ್ತಿದ್ದರು.

ಉಳಿದ ಹಬ್ಬಗಳಲ್ಲಿ ಅವರು ಎಲ್ಲಿರುತ್ತಿದ್ದರು? ಇದನ್ನು ಹೇಳದೆ ಹೂವಿನ ಪುಟದ ವಿಮರ್ಶೆ ಬರೆಯಲು ನನಗಾಗುವುದಿಲ್ಲ.

ನಮ್ಮ ಮನೆಗೆ ಬೇಕಾದ ಹೂವನ್ನೆಲ್ಲ ಕಟ್ಟುತ್ತಿದ್ದವರು ಪೆದ್ದಮ್ಮ. ಹಿತ್ತಲಿನ ಕನಕಾಂಬರ, ಕಾಕಡ, ಮರುಗ, ಅವರೇ ನೆಟ್ಟದ್ದು, ಅವರೇ ನೀರು ಹೊತ್ತದ್ದು. ಬಾಳೆನಾರನ್ನು ನೆನೆಸಿಟ್ಟುಕೊಂಡು ಕೂತರೆ ಮಾರುಗಟ್ಟಲೆ ಹೂವು ಕಣ್ಣೆದುರಿಗೇ ಬೆಳೆಯುತ್ತಿತ್ತು. ಗೌರಿಗೆ, ಬಾಗಿಲಿಗೆ, ಬಂದ ಮುತ್ತೈದೆಯರ ಮುಡಿಗೆ, ನನ್ನ ಜಡೆಗೆ. ಕಟ್ಟಿದ ಕೈಗೆ ಅದನ್ನು ಹಂಚುವ ಹಕ್ಕಿರಲಿಲ್ಲ, ಮುಡಿಯುವ ಮಾತಂತೂ ದೂರ. ಸಂಜೆ ಅರಿಶಿನ ಕುಂಕುಮದ ಹೊತ್ತಿಗೆ ಅವರು ತಾವಾಗಿಯೇ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಹೋಗಿ ಎಂದು ನಾನು ಒಂದು ದಿನವೂ ಹೇಳಿಲ್ಲ. ಹೋಗಬೇಡಿ ಎಂದೂ ಹೇಳಲಿಲ್ಲ.

ಹೂವಿನ ಜೋಡಣೆಯ ಪುಟಗಳು ಬಂದದ್ದು ಈ ಮನೆಗೆ. ಮೂರರಲ್ಲಿ ಇವೇ ಉತ್ತಮ ಎಂದು ನನ್ನ ತೀರ್ಪು. ಹೇಳುವುದು ಸರಳ, ಹೇಳಿದಂತೆ ಮಾಡಿದರೆ ಆಗುತ್ತದೆ. ಕಾಂಡವನ್ನು ಓರೆಯಾಗಿ ಕತ್ತರಿಸಿ, ನೀರಿನೊಳಗೆ ಮುಳುಗುವ ಎಲೆಗಳನ್ನು ಕಿತ್ತುಹಾಕಿ, ಇಲ್ಲದಿದ್ದರೆ ಕೊಳೆತು ನೀರು ಕೆಡುತ್ತದೆ. ಒಂದು ಹೂ ಎತ್ತರಕ್ಕೆ, ಒಂದು ನಡುವಿಗೆ, ಒಂದು ತಗ್ಗಿಗೆ. ಇದು ಜಪಾನಿನವರ ಇಕೆಬಾನಾದಿಂದ ಬಂದದ್ದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಹೊತ್ತಿನಲ್ಲಿ ಇಕೆಬಾನಾ ಸ್ಪರ್ಧೆ ನಡೆಯುವುದನ್ನು ನೀವೂ ನೋಡಿರಬಹುದು. ತಪ್ಪೆಂದರೆ ಹೂವೆಲ್ಲ ಅಂಗಡಿಯಲ್ಲೇ ಹುಟ್ಟುತ್ತದೆ ಎಂದು ಆ ಪುಟಗಳು ತಿಳಿದಿರುವುದು. ಜರ್ಬೆರಾ ಆರು, ಕಾರ್ನೇಷನ್ ನಾಲ್ಕು ಎಂದು ಪಟ್ಟಿ. ಈಗ ನಮ್ಮ ತಾಲ್ಲೂಕಿನ ಪಾಲಿಹೌಸುಗಳಲ್ಲೇ ಜರ್ಬೆರಾ ಬೆಳೆಯುತ್ತಾರೆ, ಆಗ ಅದರ ಹೆಸರೂ ತಿಳಿದಿರಲಿಲ್ಲ. ಆದರೆ ಸೇವಂತಿಗೆ, ಚೆಂಡುಹೂವು, ಗುಲಾಬಿ ಮೂಟೆಮೂಟೆಯಾಗಿ ಬೆಳಗಿನ ಜಾವ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುವ ಊರು ನಮ್ಮದು. ಧಾರಣೆ ಬಿದ್ದ ದಿನ ಅದೇ ಹೂವು ರಸ್ತೆ ಪಕ್ಕದಲ್ಲಿ ರಾಶಿ ಬೀಳುತ್ತದೆ. 2020ರ ಲಾಕ್‌ಡೌನಿನಲ್ಲಿ ಗಿಡದಲ್ಲೇ ಬಿಟ್ಟು ಉತ್ತ ತೋಟಗಳನ್ನು ನಾನೇ ಕಂಡಿದ್ದೇನೆ. ಇಂಥ ಊರಿನ ಹೆಂಗಸಿಗೆ ಹೂವು ಎಲ್ಲಿ ಕೊಳ್ಳಬೇಕೆಂದು ಹೇಳುವುದಕ್ಕಿಂತ, ಇರುವ ಹೂವನ್ನು ಏನು ಮಾಡಬೇಕೆಂದು ಹೇಳಿದ್ದರೆ ಚೆನ್ನಾಗಿತ್ತು.

ಪೆದ್ದಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ. ಅವರ ಹುಟ್ಟೂರಿನಲ್ಲಿ ದೇವರ ಜಾತ್ರೆಗೆ ತಂಬಿಟ್ಟಿನ ದೀಪ ಹೊರುತ್ತಿದ್ದರು. ಅಕ್ಕಿಹಿಟ್ಟು ಬೆಲ್ಲ ಕಲಸಿ ತಂಬಿಟ್ಟು ಮಾಡಿ, ನಡುವೆ ಗುಳಿ ತೆಗೆದು ತುಪ್ಪದ ದೀಪ ಹಚ್ಚಿ, ಸುತ್ತ ಕಡ್ಡಿಗಳಿಗೆ ಹೂ ಪೋಣಿಸಿ ಗೋಪುರದಂತೆ ಎತ್ತಿ, ತಲೆಯ ಮೇಲೆ ಹೊತ್ತು ಮೆರವಣಿಗೆಯಲ್ಲಿ ನಡೆಯುತ್ತಾರೆ. ಸಿಹಿಯೂ ಹೂವಿನ ಜೋಡಣೆಯೂ ಒಂದೇ ತಟ್ಟೆಯಲ್ಲಿ, ಅದೂ ನಡೆಯುವ ಹೆಂಗಸಿನ ತಲೆಯ ಮೇಲೆ ಅಲುಗದೆ ನಿಲ್ಲಬೇಕು! ನಮ್ಮ ಸೀಮೆಯ ಈ ವಿದ್ಯೆಯ ಬಗ್ಗೆ ಒಂದು ಪುಟವೂ ನನ್ನ ಪೆಟ್ಟಿಗೆಯಲ್ಲಿಲ್ಲ. ಮದುವೆಗೆ ಮುಂಚೆಯೂ ಆದ ಮೇಲೂ ಪೆದ್ದಮ್ಮ ಆ ದೀಪ ಹೊತ್ತವರು. 26ರ ನಂತರ ಹೊರಲಿಲ್ಲ.

1994ರ ಗೌರಿ ಹಬ್ಬದ ಹಿಂದಿನ ದಿನ ಅವರು ಹೂವಿನ ಪುಟವನ್ನು ಎದುರಿಗಿಟ್ಟುಕೊಂಡು ನಡುಮನೆಯಲ್ಲಿ ಕೂತಿದ್ದರು. ಹೂವನ್ನು ಸಿಕ್ಕಿಸಲು ಮುಳ್ಳಿನ ಪೀಠ ಬೇಕು ಎಂದಿತ್ತು. ನಮ್ಮಲ್ಲೆಲ್ಲಿಯ ಪೀಠ? ಅವರು ಬಾಳೆದಿಂಡಿನ ಗಿಡ್ಡ ತುಂಡೊಂದನ್ನು ಹಿತ್ತಾಳೆ ಉರುಳಿಯೊಳಗೆ ನಿಲ್ಲಿಸಿ, ನೀರು ತುಂಬಿ, ಅದಕ್ಕೇ ಸೇವಂತಿಗೆಯ ಕಾಂಡಗಳನ್ನು ಚುಚ್ಚಿದರು. ಹಿಂದಕ್ಕೆ ಮಾವಿನ ಚಿಗುರಿನ ಒಂದು ರೆಂಬೆ, ಬುಡಕ್ಕೆ ಮರುಗ. ಆಮೇಲೆ ದೂರ ಹೋಗಿ ನಿಂತು, ತಲೆ ಓರೆ ಮಾಡಿ ನೋಡಿ, ಒಂದು ಹೂವನ್ನು ಅರ್ಧ ಬೆರಳಿನಷ್ಟು ತಗ್ಗಿಸಿದರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮಾಲೆಗೆ ಶಾಸ್ತ್ರವಿದೆ, ಮುಡಿಗೆ ಶಾಸ್ತ್ರವಿದೆ, ಬಾಗಿನಕ್ಕೆ ಶಾಸ್ತ್ರವಿದೆ. ಹೂದಾನಿಗೆ ಯಾರೂ ಶಾಸ್ತ್ರ ಬರೆದಿರಲಿಲ್ಲ. ವಿಧವೆ ಹೂದಾನಿ ಮುಟ್ಟಬಾರದೆಂದು ಯಾರ ಅಜ್ಜಿಯೂ ಹೇಳಿರಲಿಲ್ಲ. ಆ ಪುಟ ಬರೆದವರಿಗೆ ತಾವು ಇಂಥದೊಂದು ಬಾಗಿಲು ತೆರೆದಿದ್ದೇವೆ ಎನ್ನುವುದು ಕನಸಿನಲ್ಲೂ ಗೊತ್ತಿರಲಾರದು. ಗೊತ್ತಿಲ್ಲದೆ ಮಾಡಿದ ಉಪಕಾರವೂ ಉಪಕಾರವೇ. ಜೆಲಾಟಿನ್ನಿನ ತಪ್ಪನ್ನು ಬರೆದವಳು ಇದನ್ನೂ ಬರೆಯಬೇಕು.

ಮಾರನೆಯ ದಿನ ಸಂಜೆ ಮನೆ ತುಂಬ ಜನ. ಒಳಗೆ ಕಾಲಿಟ್ಟವರೆಲ್ಲ ಮೊದಲು ನೋಡಿದ್ದು ಆ ಉರುಳಿಯನ್ನು. "ಅಯ್ಯೋ, ಎಷ್ಟು ಚೆನ್ನಾಗಿದೆಯಲ್ಲ, ಯಾರ್ರೀ ಮಾಡಿದ್ದು?" ಎಂದು ತಹಸೀಲ್ದಾರರ ಮನೆಯವರು ಕೇಳಿದರು.

"ನಾನೇ ಕಣ್ರೀ, ಪತ್ರಿಕೆ ನೋಡಿ ಮಾಡ್ದೆ," ಎಂದುಬಿಟ್ಟೆ.

ಯಾಕೆ ಹಾಗೆಂದೆ? ಹಬ್ಬದ ಮನೆಯ ಹೂವು ವಿಧವೆಯ ಕೈಯದೆಂದರೆ ಯಾರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ ಒಂದು. ಹೊಗಳಿಕೆಯ ಆಸೆ ಇನ್ನೊಂದು, ಅದನ್ನೂ ಮುಚ್ಚಿಡುವುದಿಲ್ಲ. ಹಿತ್ತಲ ಬಾಗಿಲು ತೆರೆದೇ ಇತ್ತು. ಕೇಳಿಸಿರಬೇಕು. ರಾತ್ರಿ ಊಟಕ್ಕೆ ಬಡಿಸುವಾಗ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಮೊಸರು ಇನ್ನೊಂದು 

ಸೌಟು ಹಾಕಿ, "ಸುಸ್ತಾಗಿದ್ದೀಯ, ಉಂಡು ಮಲಗು," ಎಂದರು.

ಸುಳ್ಳು ನನ್ನದು, ಅದನ್ನು ಪತ್ರಿಕೆಯ ತಲೆಗೆ ಕಟ್ಟುವುದಿಲ್ಲ. ಆದರೆ ಈಗ ಆ ಪುಟಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ನೋಡಿದರೆ ಒಂದು ವಿಷಯ ಕಾಣುತ್ತದೆ. ಹದಿನೈದು ವರ್ಷದ ಚಿತ್ರಗಳಲ್ಲೂ ಒಬ್ಬಳೇ ಹೆಂಗಸು. ಚೆನ್ನಾಗಿ ಸೀರೆ ಉಟ್ಟು, ತಲೆ ಬಾಚಿ, ಮೇಜಿನ ಪಕ್ಕ ನಗುತ್ತಾ ನಿಂತಿದ್ದಾಳೆ. ಅನಾನಸ್ ಹೆಚ್ಚಿದವರಿಲ್ಲ, ಪಾತ್ರೆ ತೊಳೆದವರಿಲ್ಲ, ಹೂವು ಬೆಳೆದವರಿಲ್ಲ, ಕಟ್ಟಿದವರಿಲ್ಲ. ಬರಹದಲ್ಲಿ ಎಲ್ಲವೂ ನೀವು, ನೀವು, ನೀವು. ನೀವು ಅತಿಥಿಗಳನ್ನು ಬೆರಗುಗೊಳಿಸಿ, ನಿಮ್ಮ ಕೈಚಳಕವನ್ನು ಮೆರೆಸಿ. ಆ ನೀವು ಎನ್ನುವುದನ್ನು ಓದಿ ಓದಿ, ನಾನೇ ಎನ್ನುವ ಉತ್ತರ ನನ್ನ ಬಾಯಿಯ ತುದಿಯಲ್ಲಿ ತಯಾರಾಗಿ ಕೂತಿತ್ತು. ಹಳೆಯ ಹಬ್ಬದ ಮನೆಯಲ್ಲಿ ಅನ್ಯಾಯ ಕಡಿಮೆಯಿರಲಿಲ್ಲ. ಆದರೆ ಕಜ್ಜಾಯ ಯಾರು ಸುಟ್ಟದ್ದು ಎಂದು ಕೇಳಿದರೆ ಒಳಗಿನಿಂದ ನಾಲ್ಕು ಹೆಸರು ಬರುತ್ತಿದ್ದವು.

ಆಮೇಲೆ ಒಂಬತ್ತು ವರ್ಷ ಪ್ರತಿ ಹಬ್ಬಕ್ಕೂ ಪೆದ್ದಮ್ಮ ಹೂವು ಜೋಡಿಸಿದರು. ಒಂದು ಸಲ ಶಿಡ್ಲಘಟ್ಟದ ತಂಗಿಯ ಮನೆಯಿಂದ ಮುರಿದ ಚಂದ್ರಿಕೆಯ ತುಂಡು ತರಿಸಿ, ಗೋಡೆಗೆ ಒರಗಿಸಿ, ಅದರ ಬಿದಿರಿನ ಸುರುಳಿಗಳ ನಡುವೆ ಚೆಂಡುಹೂವು ಸಿಕ್ಕಿಸಿದ್ದರು. ಅಂಥದ್ದು ಯಾವ ಪುಟದಲ್ಲೂ ಇಲ್ಲ. ಯಾರು ಮಾಡಿದ್ದೆಂದು ಕೇಳಿದವರಿಗೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನಾನೇ ಎನ್ನುವುದನ್ನು ಬಿಟ್ಟಿದ್ದೆ, ಅವರು ಎನ್ನುವುದನ್ನು ಕಲಿತಿರಲಿಲ್ಲ.

ಸೊಸೆ ಪುಟಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದಳು. 1994ರ ಹೂವಿನ ಪುಟ ಅವಳ ಕೈಗೆ ಬಂತು. ಮೂಲೆಯಲ್ಲಿ ನೀರು ಬಿದ್ದು ಸುಕ್ಕಾಗಿದೆ. ನಾನು ಅದನ್ನು ಅಷ್ಟು ವರ್ಷ ತೆರೆದಿರಲಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಹೀಗಿತ್ತು: ದಿನಾ ನೀರು ಬದಲಿಸಿದೆ. ಸೇವಂತಿಗೆ 11 ದಿನ ಇತ್ತು.

"ಇದು ಯಾರ ಅಕ್ಷರ ಅತ್ತೆ?" ಎಂದು ಕೇಳಿದಳು.

"ನಮ್ಮ ಪೆದ್ದಮ್ಮನದು," ಎಂದೆ. "ಆ ಹೂವು ಜೋಡಿಸಿದ್ದೂ ಅವರೇ."